ಮುಚ್ಚಳ ತೆಗೆದು ತೋರಿಸಿದ ಖಾನಾವಳಿ

ಆಗಿನ ದಿನಗಳಲ್ಲಿ ಟೊರಾಂಟೊದ ಥಾರ್ನ್‌ಕ್ಲಿಫ್ ಪಾರ್ಕಿನ ನಮ್ಮ ಬಿಲ್ಡಿಂಗಿನ ಲಿಫ್ಟಿನೊಳಗೆ ಕಾಲಿಟ್ಟರೆ ಯಾರ ಮನೆಯಲ್ಲಿ ಏನು ಅಡಿಗೆ ಎಂದು ಮೂಗಿಗೇ ಗೊತ್ತಾಗುತ್ತಿತ್ತು. ಒಂದು ಮಹಡಿಯಲ್ಲಿ ಕರಿದ ಈರುಳ್ಳಿ, ಇನ್ನೊಂದರಲ್ಲಿ ಬೇಯುವ ಮಾಂಸ, ನಮ್ಮ ಮಹಡಿ ಬಂತೆಂದರೆ ಬೆಳ್ಳುಳ್ಳಿ ಒಗ್ಗರಣೆ. ವಾಸನೆ ಎಲ್ಲರದೂ ಆಗಿತ್ತು, ಬಾಗಿಲು ಮಾತ್ರ ಅವರವರದು. ಆ ಕಾಲದಲ್ಲಿ ಅಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಲ್ಯದ ನೆನಪು ಬರೆಯುವವರು ತಮ್ಮ ಬಾಲ್ಯವನ್ನು ಬರೆಯುತ್ತಾರೆ. ನಾನು ಬರೆಯುತ್ತಿರುವುದು ನನ್ನ ಮಗಳು ರೇಣುಕಾಳ ಬಾಲ್ಯದ ಒಂದು ಬೇಸಿಗೆಯನ್ನು. ಅವಳು ಅದನ್ನು ಯಾರಿಗೂ ಹೇಳುವುದಿಲ್ಲ. ಅದು ಕೆಟ್ಟದ್ದು ನನ್ನಿಂದ, ಆದ್ದರಿಂದ ಹೇಳಬೇಕಾದವನೂ ನಾನೇ. ಹುಬ್ಬಳ್ಳಿಯಲ್ಲಿ ಮೆಟ್ರಿಕ್‌ಗೆ ಓದು ನಿಲ್ಲಿಸಿದವನು ನಾನು, ಬರೆದು ರೂಢಿಯಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಟೋಬಿಕೋದ ಪ್ಲಾಸ್ಟಿಕ್ ಡಬ್ಬಿಗಳ ಫ್ಯಾಕ್ಟರಿಯೊಂದರಲ್ಲಿ ಆಗ ನನ್ನ ಕೆಲಸ. ಪಕ್ಕದ ಮಷೀನಿನಲ್ಲಿ ಯಾನಿ ಎಂಬ ಗ್ರೀಕ್ ಮನುಷ್ಯನಿದ್ದ. ಊಟದ ಬಿಡುವಿನಲ್ಲಿ ಅವನ ಉಪ್ಪು ಹಾಕಿದ ಆಲಿವ್ ಕಾಯಿ ನನಗೆ ಬರುತ್ತಿತ್ತು, ನನ್ನ ಶೇಂಗಾ ಚಟ್ನಿಪುಡಿ ಅವನಿಗೆ ಹೋಗುತ್ತಿತ್ತು. ತೊಂಬತ್ತರ ದಶಕದ ನಡುವಿನ ಒಂದು ಆಗಸ್ಟಿನಲ್ಲಿ ನನ್ನ ತಮ್ಮನ ಮದುವೆಗೆ ಊರಿಗೆ ಹೊರಟೆವು. ನಾನು, ಹೆಂಡತಿ ಶಾಂತಾ, ಒಂಬತ್ತು ವರ್ಷದ ರೇಣು. ಸಿಕ್ಕ ಅಗ್ಗದ ಟಿಕೆಟ್ಟು ಅಥೆನ್ಸ್ ಮೇಲೆ ಹಾಯ್ದು ಹೋಗುತ್ತಿತ್ತು. ಯಾನಿಗೆ ಅದು ತಿಳಿದದ್ದೇ ತಡ, ಪಾರೋಸ್ ದ್ವೀಪದಲ್ಲಿ ತನ್ನ ತಾಯಿಯ ಊಟದ ಅಂಗಡಿ ಇದೆ, ಅದರ ಮೇಲಿನ ಕೋಣೆ ಖಾಲಿ ಇದೆ, ಒಂದು ವಾರ ಇಳಿದು ಹೋಗದಿದ್ದರೆ ಮಾತು ಬಿಡುತ್ತೇನೆ ಎಂದು ಪಟ್ಟು ಹಿಡಿದ.

ಅಂಥ ಅಂಗಡಿಗೆ ಅವರು ತವೆರ್ನಾ ಎನ್ನುತ್ತಾರೆ. ನಮ್ಮ ಹುಬ್ಬಳ್ಳಿಯ ಖಾನಾವಳಿ ಇದ್ದ ಹಾಗೆ. ಕಡಿಮೆ ದುಡ್ಡಿಗೆ ಹೊಟ್ಟೆತುಂಬ ಊಟ, ತಿಂದ ಮೇಲೂ ಏಳು ಎನ್ನುವವರಿಲ್ಲ.

ಹಡಗಿನಿಂದ ಇಳಿದಾಗ ಬಂದರಿನ ತುಂಬ ಜನ. ಬೆನ್ನಿಗೆ ಚೀಲ ಹಾಕಿದ ಜರ್ಮನ್ ಹುಡುಗರು, ಕೋಣೆ ಬೇಕೇ ಎಂದು ಕೂಗುವ ಹೆಂಗಸರು, ಸ್ಕೂಟರುಗಳ ಸದ್ದು. ನೀರಿನ ಅಂಚಿಗೇ ನೀಲಿ ಬಣ್ಣದ ಹೆಣೆದ ಕುರ್ಚಿಗಳು, ಮೇಜಿನ ಮೇಲೆ ಗಾಳಿಗೆ ಹಾರದಂತೆ ಕ್ಲಿಪ್ಪು ಹಾಕಿದ ಕಾಗದದ ಹಾಸು. ಎದುರಿಗೆ ಹಗ್ಗದ ಮೇಲೆ ಎಂಟು ಕಾಲಿನ ಸಮುದ್ರದ ಪ್ರಾಣಿಗಳನ್ನು ಸಾಲಾಗಿ ಒಣಹಾಕಿದ್ದರು. ಶಾಂತಾ ಸೆರಗು ಮೂಗಿಗೆ ಹಿಡಿದಳು.

"ಏನ್ರೀ ಇದು, ಅರಿವಿ ಹಾಕಿದಂಗ ಹಾಕ್ಯಾರಲ್ಲ. ಇಲ್ಲೆ ನಾವು ಏನ್ ತಿನ್ನೂದು?"

"ಡಬ್ಬ್ಯಾಗ ರೊಟ್ಟಿ ಅದಾವಲ್ಲ, ನೋಡೂಣು."

"ವಾರ ತನಕಾ ರೊಟ್ಟೀನ ಕಡಿಯೂಣೇನು? ಯಾನಿ ಮಾತ ಕೇಳಿ ಬಂದ್ರಲ್ಲ."

ಅಷ್ಟರಲ್ಲಿ ಕಪ್ಪು ಬಟ್ಟೆ ತೊಟ್ಟ ಗುಂಡಗಿನ ಮುದುಕಿ ಏಪ್ರನ್‌ಗೆ ಕೈ ಒರೆಸುತ್ತ ಬಂದಳು. ಯಾನಿಯ ತಾಯಿ. ಅಜ್ಜಿಗೆ ಅವರಲ್ಲಿ ಯಾಯಾ ಎನ್ನುತ್ತಾರೆ, ನಮಗೂ ಅವಳು ಅದೇ ಆದಳು. ಹಿಂದೆಯೇ ಬಂದ ಅವಳ ಮಗಳು ಎಲೆನಿಗೆ ಇಂಗ್ಲಿಷ್ ಬರುತ್ತಿತ್ತು. ಯಾಯಾ ಯಾರನ್ನೂ ಕೂರಿಸಲಿಲ್ಲ. ರೇಣುವಿನ ಕೈ ಹಿಡಿದು ನೇರ ಒಳಗೆ ಕರೆದುಕೊಂಡು ನಡೆದಳು. ಎಲೆನಿ ಹೇಳಿದಳು: ಇಲ್ಲಿ ಊಟಕ್ಕೆ ಬಂದವರು ಅಡಿಗೆಮನೆಗೇ ಹೋಗಬೇಕು, ಅಮ್ಮ ಪಾತ್ರೆಗಳ ಮುಚ್ಚಳ ತೆಗೆದು ತೋರಿಸುತ್ತಾಳೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸಿದರೆ ಸಾಕು.

ನನಗೆ ಕಾಲು ಮುಂದೆ ಬರಲಿಲ್ಲ. ಹುಬ್ಬಳ್ಳಿಯಲ್ಲಿ ನಮ್ಮವ್ವನ ಅಡಿಗೆಮನೆಯ ಹೊಸ್ತಿಲನ್ನು ಹೊರಗಿನವರು ದಾಟಿದ್ದನ್ನು ನಾನು ಕಂಡಿಲ್ಲ. ಸ್ನಾನ, ಪೂಜೆ ಆಗದೆ ನಾವು ಮಕ್ಕಳೂ ಒಳಗೆ ಹೋಗುವಂತಿರಲಿಲ್ಲ. ಏನು ಮಾಡುವುದು ತಿಳಿಯದೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದೆ. ನೆಲದ ಮೇಲೆಲ್ಲ ಎಣ್ಣೆ ಜಿಡ್ಡು. ಯಾಯಾ ನನ್ನ ಕಾಲನ್ನು ನೋಡಿ, ಮುಖವನ್ನು ನೋಡಿ ಏನೋ ಕೇಳಿದಳು. ಚರ್ಚಿನೊಳಗೂ ನಾವು ಚಪ್ಪಲಿ ಬಿಡುವುದಿಲ್ಲ, ಇವನೇಕೆ ಬಿಟ್ಟ ಎಂದು ಕೇಳುತ್ತಿದ್ದಾಳೆ ಎಂದಳು ಎಲೆನಿ. ಅಡಿಗೆಮನೆ ನಮಗೆ ಗುಡಿಗಿಂತ ಕಡಿಮೆಯಲ್ಲ ಎಂದೆ. ನನ್ನ ಮಾತು ನನಗೇ ಚೆನ್ನಾಗಿ ಕೇಳಿಸಿತು. ಯಾಯಾ ನನ್ನ ಕೆನ್ನೆ ತಟ್ಟಿದಳು.

ಆಮೇಲೆ ಒಂದೊಂದೇ ಮುಚ್ಚಳ ತೆಗೆದಳು. ಆವಿ ಮೇಲೆದ್ದು ರೇಣುವಿನ ಕನ್ನಡಕ ಮಂಜಾಯಿತು. ಟೊಮ್ಯಾಟೊ ರಸದಲ್ಲಿ ಬೆಂದ ಹಸಿ ಬೀನ್ಸು. ಅಕ್ಕಿ ತುಂಬಿ ಸುಟ್ಟ ದೊಡ್ಡ ಟೊಮ್ಯಾಟೊ. ನಿಂಬೆಹುಳಿ ಹಿಂಡಿದ ಯಾವುದೋ ಕಾಡು ಸೊಪ್ಪು. ಕೊನೆಯ ಪಾತ್ರೆಯಲ್ಲಿ ಹಳದಿ ಬೇಳೆ, ಗಟ್ಟಿಯಾಗಿ ಕಡೆದು ಮೇಲೆ ಹಸಿ ಈರುಳ್ಳಿ ಹೆಚ್ಚಿ ಹಾಕಿತ್ತು.

ಶಾಂತಾಳ ಸೆರಗು ಮೂಗಿನಿಂದ ಕೆಳಗಿಳಿಯಿತು. "ಇದು ಮುದ್ದಿಬ್ಯಾಳಿ ಐತಲ್ರೀ. ಮ್ಯಾಲೆ ಉಳ್ಳಾಗಡ್ಡೀನೂ ಐತಿ. ಹಸಿಮೆಣಸಿನಕಾಯಿ ಒಂದ ಮರತಾರ ನೋಡ್ರಿ."

ಮಾಂಸ, ಮೀನು ಒಲ್ಲೆವು ಎಂದು ಎಲೆನಿಗೆ ತಿಳಿಸಿದಾಗ ಯಾಯಾಗೆ ಆಶ್ಚರ್ಯವಾಗಲಿಲ್ಲ. ಮೇರಿ ಮಾತೆಯ ಹಬ್ಬದ ಮುಂಚಿನ ದಿನಗಳು ಅವು, ಅವರಲ್ಲೂ ಮಾಂಸ ಬಿಡುವ ರೂಢಿ. ನಿಮ್ಮ ಉಪವಾಸ ಎಷ್ಟು ದಿನದ್ದು ಎಂದು ಕೇಳಿಸಿದಳು. ಸಾಯುವ ತನಕ ಎಂದೆ. ಮುದುಕಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ರೇಣುವಿನ ತಲೆ ಸವರಿದಳು, ಈ ಕೂಸಿಗೆಂಥ ಕಷ್ಟ ಎನ್ನುವ ಹಾಗೆ.

ಮರುದಿನ ನೋಡಿದರೆ ಅಡಿಗೆಮನೆಯಲ್ಲಿ ಒಂದು ಮರದ ಸೌಟು ಬೇರೆ ಮೊಳೆಗೆ ತೂಗುತ್ತಿತ್ತು. ಹಿಡಿಗೆ ನೀಲಿ ಬಟ್ಟೆಯ ಚಿಂದಿ ಕಟ್ಟಿತ್ತು. ಮೀನಿನ ಪಾತ್ರೆಗೆ ಹೋದ ಸೌಟು ನಮ್ಮ ಪಾತ್ರೆಗೆ ಬರಬಾರದೆಂದು ಯಾಯಾ ತಾನೇ ಮಾಡಿದ ಏರ್ಪಾಡು. ನಾವು ಕೇಳಿರಲಿಲ್ಲ. ಅಷ್ಟು ಜನರ ಗದ್ದಲದಲ್ಲೂ ಆ ವಾರವೆಲ್ಲ ಆ ಸೌಟು ಬೇರೆ ಪಾತ್ರೆ ಮುಟ್ಟಲಿಲ್ಲ.

ಸಂಜೆಯಾದರೆ ಗಾಳಿಗೆ ಉಪ್ಪಿನ ವಾಸನೆ, ಇದ್ದಿಲಿನ ಹೊಗೆ, ಕೈಯಲ್ಲಿ ತಿಕ್ಕಿ ಉದುರಿಸಿದ ಒಣ ಸೊಪ್ಪಿನ ಘಮ. ಬುಟ್ಟಿಯಲ್ಲಿ ದಪ್ಪ ಬ್ರೆಡ್ಡು, ತಟ್ಟೆಯಲ್ಲಿ ತೇಲುವ ಹಸಿರೆಣ್ಣೆ. ಬ್ರೆಡ್ಡಿನಿಂದ ಎಣ್ಣೆ ಒರೆಸಿ ತಿನ್ನುವುದನ್ನು ರೇಣು ಮೊದಲ ದಿನವೇ ಕಲಿತಳು. ಮೇಜಿನ ಕೆಳಗೆ ಬೆಕ್ಕುಗಳು ಕಾಲಿಗೆ ಮೈ ತಿಕ್ಕುತ್ತಿದ್ದವು. ಬ್ಯಾಳಿ ತಿನ್ನುವ ಬೆಕ್ಕು ಒಂದಾದರೂ ಇದ್ದೀತೆಂದು ರೇಣು ಎಲ್ಲಕ್ಕೂ ಹಾಕಿ ನೋಡಿದಳು. ಯಾವುದೂ ಮುಟ್ಟಲಿಲ್ಲ. ಕೊನೆಗೆ ಕೇಳದೆಯೇ ಕಲ್ಲಂಗಡಿ ಹೋಳು ಬರುತ್ತಿತ್ತು. ಬೀಜವನ್ನು ಸಮುದ್ರಕ್ಕೆ ಉಗುಳುವ ಪಂದ್ಯದಲ್ಲಿ ಶಾಂತಾ ಮಗಳನ್ನು ಸೋಲಿಸುತ್ತಿದ್ದಳು. ಫ್ಯಾಕ್ಟರಿಯ ಸದ್ದು ನನ್ನ ಕಿವಿಯಿಂದ ಹೋದದ್ದು ಆ ಕುರ್ಚಿಯಲ್ಲೇ.

ಎರಡು ದಿನ ಕಳೆಯುವಷ್ಟರಲ್ಲಿ ರೇಣು ಹೊಸದಾಗಿ ಬಂದ ಗಿರಾಕಿಗಳ ಕೈ ಹಿಡಿದು ಒಳಗೆ ಎಳೆದೊಯ್ಯತೊಡಗಿದಳು. ಯಾಯಾ ಪಕ್ಕಕ್ಕೆ ಸರಿದು ಸೊಂಟದ ಮೇಲೆ ಕೈಯಿಟ್ಟು ನಗುತ್ತ ನಿಲ್ಲುವಳು. "ದಿಸ್ ಒನ್ ಈಸ್ ಬೀನ್ಸ್. ದಿಸ್ ಒನ್ ಈಸ್ ಬ್ಯಾಳಿ. ದಟ್ ಒನ್ ಹ್ಯಾಸ್ ಎ ಫೇಸ್, ಡೋಂಟ್ ಲುಕ್." ಆರಡಿ ಎತ್ತರದವರೆಲ್ಲ ಬಗ್ಗಿ ನೋಡುತ್ತಿದ್ದರು. ಟೊರಾಂಟೊದ ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ ಎಂದು ಟೀಚರು ಬರೆದು ಕಳಿಸುತ್ತಿದ್ದ ಹುಡುಗಿ ಇವಳೇ ಏನು ಎಂದು ಶಾಂತಾ ನನ್ನನ್ನು ತಿವಿದಳು.

ಹೊರಡುವ ದಿನ ಯಾಯಾ ರೇಣುವಿನ ಗದ್ದ ಹಿಡಿದು ಹೇಳಿದ್ದನ್ನು ಎಲೆನಿ ತಿಳಿಸಿದಳು: ನಿನ್ನ ಮನೆಗೆ ಬಂದವರಿಗೂ ಹೀಗೇ ತೋರಿಸಬೇಕು. ರೇಣು ದೊಡ್ಡವರ ಹಾಗೆ ತಲೆಯಾಡಿಸಿದಳು.

ಟೊರಾಂಟೊಗೆ ಮರಳಿದ ಮೇಲೂ ಆ ಮಾತನ್ನು ಅವಳು ಬಿಡಲಿಲ್ಲ.

ನಮ್ಮ ಕೆಳಗಿನ ಮಹಡಿಯಲ್ಲಿ ನಾಜಿಯಾ ಎಂಬ ಹುಡುಗಿಯಿದ್ದಳು, ಲಾಹೋರಿನವರ ಮಗಳು, ರೇಣುವಿನ ಕ್ಲಾಸಿನವಳೇ. ನನಗೂ ಶಾಂತಾಗೂ ಒಂದೇ ಹೊತ್ತಿಗೆ ಶಿಫ್ಟು ಬಿದ್ದ ದಿನ ರೇಣುವನ್ನು ಶಾಲೆಯಿಂದ ಕರೆತಂದು ನೋಡಿಕೊಳ್ಳುತ್ತಿದ್ದವರು ಅವಳ ತಾಯಿ. ಚಳಿ ಹತ್ತಿದ ಒಂದು ಮಧ್ಯಾಹ್ನ ನಾನು ಕೆಲಸ ಮುಗಿಸಿ ಬಂದೆ. ಅಡಿಗೆಮನೆಯ ಹೊಸ್ತಿಲ ಹೊರಗೆ ಪುಟ್ಟ ಚಪ್ಪಲಿ ಒಂದು ಜೊತೆ, ಒತ್ತಾಗಿ ಜೋಡಿಸಿಟ್ಟಿತ್ತು. ಒಳಗೆ ನಾಜಿಯಾ ಒಲೆಯ ಮುಂದೆ ಸ್ಟೂಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ರೇಣು ಒಂದೊಂದೇ ಮುಚ್ಚಳ ತೆಗೆಯುತ್ತಿದ್ದಳು. ಆ ದಿನ ಶಾಂತಾ ಮಾಡಿದ್ದು ಮುದ್ದಿಬ್ಯಾಳಿ. ನಾಜಿಯಾಳ ಕೈಯಲ್ಲಿ ಚಮಚವಿತ್ತು.

ನಾನು ಕೂಗಾಡಲಿಲ್ಲ. ಕೂಗಾಡಿದ್ದರೆ ಸಿಟ್ಟಿನಲ್ಲಿ ಆಯಿತು ಎನ್ನಬಹುದಿತ್ತು. ಮೆಲ್ಲಗೆ, ನನ್ನ ಹುಬ್ಬಳ್ಳಿ ಹಿಂದಿಯಲ್ಲಿ, "ಬೇಟಾ, ನೀನು ಹೊರಗೆ ಕೂತುಕೋ, ಅಲ್ಲಿಗೇ ತಂದು ಕೊಡುತ್ತೇವೆ" ಎಂದೆ. ಹುಡುಗಿ ಸ್ಟೂಲಿನಿಂದ ಇಳಿದು, ಚಪ್ಪಲಿ ಮೆಟ್ಟಿಕೊಂಡು ಸೋಫಾದ ತುದಿಯಲ್ಲಿ ಕೂತಳು. ಬಟ್ಟೆ ಮಡಚುತ್ತಿದ್ದ ಶಾಂತಾ ಎದ್ದು ಬಂದಳು.

"ಇದನ್ನ ಚೆಲ್ಲಿ ಬಿಡು" ಎಂದೆ.

"ಕೂಸು ಮುಟ್ಟಿದ್ರ ಏನಾತ್ರೀ? ಆಕಿ ಅವ್ವ ನಮ್ಮ ಕೂಸಿನ್ನ ನೋಡ್ಕೊಳ್ಳೂದಿಲ್ಲೇನು?"

ಪಾತ್ರೆಯನ್ನು ನಾನೇ ಎತ್ತಿ ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ. ನಮ್ಮದು ಸಣ್ಣ ಅಪಾರ್ಟ್‌ಮೆಂಟು, ಸೋಫಾದಿಂದ ಸಿಂಕು ಕಾಣುತ್ತಿತ್ತು.

ರೇಣುವಿನ ಕೈಯಲ್ಲಿ ಇನ್ನೂ ಮುಚ್ಚಳವಿತ್ತು. "ಬಟ್ ಅಪ್ಪಾ, ಯಾಯಾ ಲೆಟ್ ಯೂ ಇನ್."

"ಅದು ಖಾನಾವಳಿ ಅವ್ವಿ. ಇದು ಮನಿ."

"ಅದೂ ಅವಳ ಮನೇನೇ. ಅವರೂ ಅದೇ ಪಾಟ್‌ದಾಗಿಂದ ತಿಂತಿದ್ರು." ಸೋಫಾದ ಕಡೆ ನೋಡಿ ಅಂದಳು: "ಶಿ ಟುಕ್ ಆಫ್ ಹರ್ ಶೂಸ್, ಅಪ್ಪಾ. ನಿಮ್ಮಂಗ."

ನಾಜಿಯಾ ತನಗೆ ಹಸಿವಿಲ್ಲ ಎಂದು ಶಾಂತಾಗೆ ಹೇಳಿ ಬಾಗಿಲು ತೆಗೆದುಕೊಂಡು ಹೋದಳು. ರೇಣು ಮುಚ್ಚಳವನ್ನು ಖಾಲಿ ಪಾತ್ರೆಯ ಮೇಲೆ ಸದ್ದಾಗದಂತೆ ಇಟ್ಟಳು.

ಆ ಮೇಲೂ ನಾಜಿಯಾ ಬರುತ್ತಿದ್ದಳು. ಬೆಲ್ಲು ಒತ್ತಿ ಕಾರಿಡಾರಿನಲ್ಲೇ ನಿಲ್ಲುವಳು, ರೇಣು ಕೆಳಗೆ ಹೋಗುವಳು. ಅವಳ ತಾಯಿ ಎಂದಿನಂತೆ ನಮ್ಮ ಮಗಳನ್ನು ನೋಡಿಕೊಂಡರು, ಅದರಲ್ಲಿ ಒಂದು ದಿನವೂ ತಪ್ಪಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ನಾನೇ ಮಹಡಿಯ ಅಂಕಿಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ಮುಂದಿನ ಬೇಸಿಗೆಗೆ ಅವರು ಬ್ರಾಂಪ್ಟನ್ ಕಡೆ ಮನೆ ಮಾಡಿಕೊಂಡು ಹೋದರು. ಕ್ಷಮೆ ಕೇಳಬೇಕೆಂದು ನನಗೆ ಅನ್ನಿಸುವ ಹೊತ್ತಿಗೆ ಆ ಬಾಗಿಲಿಗೆ ಬೇರೆಯವರು ಬಂದಿದ್ದರು. ಯಾನಿಗೆ ಇದನ್ನು ಹೇಳಲಿಲ್ಲ. ಅವನ ಆಲಿವ್ ಕಾಯಿಗಳನ್ನು ಮಾತ್ರ ತಿನ್ನುತ್ತಲೇ ಇದ್ದೆ.

ಈಗ ರೇಣುವೂ ಮಕ್ಕಳ ತಾಯಿ, ಅವಳ ಮನೆ ರಿಚ್ಮಂಡ್ ಹಿಲ್‌ನಲ್ಲಿದೆ. ಅಡಿಗೆಮನೆಗೆ ಗೋಡೆಯೇ ಇಲ್ಲ, ಬಾಗಿಲೂ ಇಲ್ಲ. ಭಾನುವಾರ ನಾನೂ ಶಾಂತಾಳೂ ಹೋದಾಗ ಅವಳ ಗೆಳೆಯ ಗೆಳತಿಯರು ಒಲೆಯ ಸುತ್ತ ನಿಂತು ಪಾತ್ರೆಗಳೊಳಗೆ ಇಣುಕುತ್ತಾರೆ, ಬೆರಳದ್ದಿ ರುಚಿ ನೋಡುತ್ತಾರೆ, ಅವಳಿಂದ ಬೈಸಿಕೊಂಡು ನಗುತ್ತಾರೆ. ಶಾಂತಾ ಅವರ ನಡುವೆಯೇ ಇರುತ್ತಾಳೆ. ನನಗೆ ಕಿಟಕಿಯ ಬಳಿ ಒಳ್ಳೆಯ ಕುರ್ಚಿ.

"ಅಪ್ಪಾ, ನೀವು ಕೂಡ್ರಿ. ಅಲ್ಲಿಗೇ ತಂದು ಕೊಡ್ತೀನಿ."

ಇದರಲ್ಲಿ ಮುನಿಸಿಲ್ಲ. ವಯಸ್ಸಾದ ತಂದೆಗೆ ಮಗಳು ಹೇಳುವ ಪ್ರೀತಿಯ ಮಾತೇ ಇದು. ಆದರೆ ಈ ಮಾತು ಮೊದಲು ಯಾರ ಬಾಯಿಂದ ಬಂತೆಂದು ನನಗೆ ಗೊತ್ತು.

ಹೋದ ಭಾನುವಾರ ಅವಳೊಬ್ಬಳೇ ಒಲೆಯ ಮುಂದಿದ್ದಾಗ ಎದ್ದು ಹೋದೆ. ಮರದ ನೆಲ ಮುಗಿದು ಟೈಲ್ಸು ಶುರುವಾಗುವಲ್ಲಿ ನಿಂತು ಮನೆಯೊಳಗಿನ ಚಪ್ಪಲಿ ಬಿಟ್ಟೆ.

"ರೇಣೂ, ಯಾಯಾನ ನೆನಪು ಐತೇನವಾ?"

"ಆಫ್ ಕೋರ್ಸ್. ಆ ಬೆಕ್ಕುಗಳು." ಅವಳು ನಕ್ಕಳು.

"ನಾಜಿಯಾ?"

ಅವಳು ಒಲೆಯ ಉರಿ ಸಣ್ಣ ಮಾಡಿದಳು. "ಅಪ್ಪಾ, ಅದೆಲ್ಲಾ ಭಾಳ ಹಳೇದು." ಆಮೇಲೆ ನನ್ನ ಕಾಲನ್ನು ನೋಡಿದಳು. "ಟೈಲ್ಸ್ ಥಂಡಿ ಅದಾವ, ಚಪ್ಪಲ್ ಹಾಕ್ಕೊಳ್ರಿ. ನೀರು ಬೇಕೇನು?"

"ಬ್ಯಾಡವಾ. ಏನೇನ್ ಮಾಡೀ ಅಂತ ಕೇಳಾಕ ಬಂದೆ."

ಅವಳು ಬೆರಳು ಮಡಚಿ ಹೇಳಿದಳು. ಅನ್ನ, ಬದನೆಕಾಯಿ ಪಲ್ಯ, ಮುದ್ದಿಬ್ಯಾಳಿ, ಮಕ್ಕಳಿಗೆ ಪಾಸ್ತಾ. ಒಂದನ್ನೂ ಬಿಡದೆ ಹೇಳಿದಳು. ಒಲೆಯ ಮೇಲೆ ಪಾತ್ರೆಗಳು ಸಾಲಾಗಿ ಕೂತಿದ್ದವು, ಮುಚ್ಚಳಗಳ ಅಂಚಿನಲ್ಲಿ ಆವಿ ಹನಿಗಟ್ಟಿತ್ತು. ಅವಳು ಯಾವುದನ್ನೂ ತೆಗೆಯಲಿಲ್ಲ. ತೆಗೆ ಎಂದು ಕೇಳುವ ಬಾಯಿ ನನಗಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದು ನನ್ನ ಕುರ್ಚಿಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ತಟ್ಟೆ ಬಂತು, ಎಲ್ಲವನ್ನೂ ಬಡಿಸಿದ್ದಳು.