ಭೋಂಗಾ ಕೂಗಿದರೆ ಹೇಲುತ್ತಿದ್ದ ಕೂಸು

ಮಸಗುಪ್ಪಿಯಲ್ಲಿ ಹುಟ್ಟಿ ಬೆಲ್ಲದ ಬಾಗೇವಾಡಿಗೆ ಸೊಸೆಯಾಗಿ ಬಂದ ಕಾಶೆವ್ವ, ಗಂಡ ಕಾಲರಾದಲ್ಲಿ ಹೋದ ಮೇಲೆ ಊರ ಹೊರಗಿನ ಹತ್ತಿ ಗಿರಣಿ ಸೇರಿದಳು. ಮೂವತ್ತೆಂಟನೇ ಇಸವಿಯಲ್ಲಿ ಮಗಳು ರಾಯವ್ವನಿಗೆ ಒಂದೂವರೆ ವರ್ಷ. ಕೂಸನ್ನು ಹೇಲಿಸಬೇಕೆಂದರೆ ನೆಲಕ್ಕೆ ಕೂತು, ಕಾಲು ಚಾಚಿ, ಎರಡು ಪಾದಗಳ ಮೇಲೆ ಕೂಡ್ರಿಸಿಕೊಳ್ಳಬೇಕು. ಅತ್ತೆ ಭರಮವ್ವನ ಮೊಣಕಾಲು ಬಾತಿದ್ದವು, ಕೂತರೆ ಏಳಲಾಗುತ್ತಿರಲಿಲ್ಲ.

"ಹೇಲಿಸಿ ಕೊಟ್ಟರ ಕೂಸಿನ್ನ ಇಟಗೋತೇನಿ. ಇಲ್ಲಂದ್ರ ಗಿರಣಿಗಿ ಕಟಗೊಂಡ ಹೋಗ. ದಿನಾ ಹೇಲ ಬಳಿಯೂದು ನನ್ನಿಂದ ಆಗೂದಿಲ್ಲ," ಎಂದಿದ್ದಳು ಮುದುಕಿ.

ಗಿರಣಿಯ ಭೋಂಗಾ, ಎಂದರೆ ಬಾಯ್ಲರಿನ ಉಗಿಯ ಸೀಟಿ, ಮುಂಜಾನೆ ಎರಡು ಸಲ ಕೂಗುತ್ತಿತ್ತು. ಎರಡನೆಯದಕ್ಕೆ ಗೇಟು ಬಂದ್. ಕಾಶೆವ್ವನಿಗಿದ್ದದ್ದು ನಡುವಿನ ಹೊತ್ತು ಮಾತ್ರ. ಮೊದಲ ಭೋಂಗಾಕ್ಕೆ ಹಿತ್ತಲಲ್ಲಿ ಕಾಲು ಚಾಚಿ, ಮಗಳನ್ನು ಕೂಡ್ರಿಸಿ, "ಉಶ್ಶ್... ಹೂಂ, ತಿಣುಕವ್ವಾ" ಎನ್ನುವಳು. ಒಂದು ತಿಂಗಳು ಬರೀ ಅಳು. ಆಮೇಲೆ ಕೂಸು ಪಳಗಿತು. ಭೋಂಗಾ ಕೇಳಿದರೆ ತಾನೇ ಅಂಗಿ ಎತ್ತಿ ನಿಲ್ಲುತ್ತಿತ್ತು.

"ಗಿರಣಿ ಸಾವಕಾರ ನಿನ್ನ ಮಗಳಿಗೂ ಹಾಜರಿ ಹಾಕ್ಬೇಕ ನೋಡ," ಎಂದು ಬಾಜೂ ಮನೆಯ ಲಕ್ಕವ್ವ ನಗುತ್ತಿದ್ದಳು.

ಗಿರಣಿಯ ಸೂಟಿಯ ದಿನ ಭೋಂಗಾ ಇಲ್ಲ, ಕೂಸು ಹೇಲುತ್ತಿರಲಿಲ್ಲ. ಮರುದಿನ ಎರಡೂ ದಿನದ್ದು ಕೂಡಿ ಬರುತ್ತಿತ್ತು. ಕಾಶೆವ್ವ ತಲೆ ಕೆಡಿಸಿಕೊಳ್ಳಲಿಲ್ಲ. ಅವಳ ತಪ್ಪು ಅದೇ.

ಆ ಬೇಸಿಗೆ ಸಾವಕಾರ ಮಧ್ಯಾಹ್ನದ ಬಿಡುವನ್ನು ಅರ್ಧಕ್ಕಿಳಿಸಿದ. ಆ ಹೊತ್ತಿನಲ್ಲೇ ತಾಯಂದಿರು ಮನೆಗೆ ಓಡಿ ಮೊಲೆ ಕೊಟ್ಟು ಬರುತ್ತಿದ್ದರು. ನಲವತ್ತು ಹೆಂಗಸರು ಕೆಲಸ ಬಿಟ್ಟು ಗೇಟಿನ ಮುಂದೆ ಕೂತರು. ಗಿರಣಿ ನಿಂತಿತು, ಭೋಂಗಾ ನಿಂತಿತು, ರಾಯವ್ವ ಹೇಲುವುದೂ ನಿಂತಿತು.

ನಾಲ್ಕನೆಯ ದಿನಕ್ಕೆ ಹೊಟ್ಟೆ ಕಲ್ಲಾಯಿತು. ಹರಳೆಣ್ಣೆ ಕುಡಿಸಿದರೆ ಕಾರಿಕೊಂಡಿತು. ವೀಳ್ಯದೆಲೆಯ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಕುಂಡಿಗೆ ಇಟ್ಟರೂ ಆಗಲಿಲ್ಲ. ಕಾಶೆವ್ವ ತಾನೇ "ಭೋಂ" ಎಂದು ಕೂಗಿದಳು. ಕೂಸು ನಕ್ಕಿತು, ಅಷ್ಟೇ.

"ನಾಕ ಮಂದಿನ್ನ ಕರಕೊಂಡ ಒಳಗ ಹೋಗ," ಎಂದಳು ಭರಮವ್ವ. "ಗಿರಣಿ ಚಾಲೂ ಆದ್ರ ಭೋಂಗಾ ಕೂಗತೈತಿ. ಕೂಸ ಸತ್ತ ಮ್ಯಾಲ ಬಿಡುವು ತಗೊಂಡ ಏನ ಮಾಡ್ತಿ?"

ಅತ್ತೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ನಾಳೆ ಸಂಜೆಯೊಳಗೆ ಹೇಲದಿದ್ದರೆ ಒಳಗೆ ಹೋಗುವುದೇ ಸೈ ಎಂದು ಕಾಶೆವ್ವ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಯಾರಿಗೂ ಹೇಳಲಿಲ್ಲ. ಬೆಳಗಾಗುವ ಮೊದಲೇ ಕೂಸನ್ನು ಬಗಲಲ್ಲಿ ಹೊತ್ತು ಗೇಟಿಗೆ ಹೋದಳು.

ಆವತ್ತು ಸಾವಕಾರ ಬಾಯ್ಲರಿಗೆ ಬೆಂಕಿ ಹಾಕಿಸಿ ಭೋಂಗಾ ಕೂಗಿಸಿದ. ಆಳುಗಳ ಮೇಲ್ವಿಚಾರಣೆಯ ಮುಕಾದಮ ಅಲ್ಲಪ್ಪ ಗೇಟು ತೆಗೆದು, "ಎರಡನೇ ಭೋಂಗಾದೊಳಗ ಬಂದವರಿಗಿ ಕೆಲಸ. ಉಳದವ್ರು ಮನಿಗಿ!" ಎಂದು ಒದರಿದ.

ಐದಾರು ಹೆಂಗಸರು ಎದ್ದು ಸೀರೆ ಕೊಡವಿದರು. ರಾಯವ್ವ ಅಂಗಿ ಎತ್ತಿ ತಾಯಿಯ ಮುಂದೆ ನಿಂತಳು. ಕಾಶೆವ್ವ ಗೇಟಿನ ನಟ್ಟನಡುವೆ ನೆಲಕ್ಕೆ ಕೂತು, ಕಾಲು ಚಾಚಿ, ಮಗಳನ್ನು ಕೂಡ್ರಿಸಿಕೊಂಡಳು.

"ಏ ಕಾಶಿ, ಇದೇನ ಹಲ್ಕಟ್ ಕೆಲಸ! ಏಳ ಮೊದಲ!" ಎಂದು ಅಲ್ಲಪ್ಪ ಗದರಿದ.

"ಭೋಂಗಾ ಕೂಗಿಸಿದವ್ರು ನೀವರಿ. ಕೂಸಿಗಿ ಅದೊಂದ ತಿಳಿತೈತಿ. ತಡೀರಿ, ನಾಕ ದಿನದ್ದೈತಿ."

ಎದ್ದವರು ಬಾಯಿಗೆ ಸೆರಗು ಹಿಡಿದು ನಕ್ಕರು, ನಗುತ್ತಲೇ ಕೂತರು. "ಉಶ್ಶ್... ತಿಣುಕವ್ವಾ" ಎಂದಳು ಲಕ್ಕವ್ವ. ಉಳಿದವರೂ ದನಿ ಕೂಡಿಸಿದರು. ಕೂಸು ಕೆಂಪಗಾಗಿ, ಚೀರಿ, ಕೊನೆಗೂ ಹೇಲಿತು. ಅಲ್ಲಪ್ಪ ಮೂಗು ಮುಚ್ಚಿಕೊಂಡು ಒಳಗೆ ಹೋದ. ಎರಡನೆಯ ಭೋಂಗಾ ಕೂಗುವಾಗ ಕಾಶೆವ್ವ ಮಗಳ ಕುಂಡಿ ತೊಳೆಯುತ್ತಿದ್ದಳು. ಯಾರೂ ಗೇಟು ದಾಟಲಿಲ್ಲ.

ಮತ್ತೆ ಒಂಬತ್ತು ದಿನ ಕೂತರು. ಬಿಡುವು ಪೂರಾ ಮರಳಿ ಬಂತು. ಕಾಶೆವ್ವ ಮಾತ್ರ ಅವತ್ತಿನಿಂದಲೇ ಕೋಳಿ ಕೂಗುವ ಹೊತ್ತಿಗೆ ಹಿತ್ತಲಲ್ಲಿ ಕಾಲು ಚಾಚತೊಡಗಿದಳು. ಮಗಳಿಗೆ ಭೋಂಗಾದ ರೂಢಿ ಬಿಡಿಸಲು ಎರಡು ತಿಂಗಳು ಹಿಡಿಯಿತು.