ಉಪ್ಪಿನಕಾಯಿ ಭರಣಿಯ ಜರ್ಬೆರಾ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಆದರೂ ಕೊಯ್ದ ಹೂವನ್ನು ನಾಲ್ಕು ದಿನ ಉಳಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಹೂವಿಗೆ ಇದ್ದದ್ದು ಎರಡೇ ಜಾಗ: ಒಂದು ದೇವರ ಜಗುಲಿ, ಇನ್ನೊಂದು ಹೆಂಗಸರ ತಲೆ. ಇದು ನನ್ನ ಅತ್ತೆಯ ಕಾಯಿದೆ. ಬೆಳಗ್ಗೆ ಬಂದ ಹೂವು ಸಂಜೆಗೆ ಬಾಡುತ್ತಿತ್ತು, ಮರುದಿನ ಬೇರೆ ಬರುತ್ತಿತ್ತು.

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ವಾಕರ್ ಹಿಡಿದು ದಿನವೂ ನಾಲ್ಕು ಹೆಜ್ಜೆ ನಡೆಯಲೇಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಅತ್ತೆ ಮಾತ್ರ ಕಾಲು ಕೆಳಗಿಡಲು ಒಪ್ಪಲಿಲ್ಲ. "ಮತ್ತ ಬಿದ್ದರ ಯಾರ ಎತ್ತತೀರಿ?" ಎನ್ನುವರು. ಅವರ ಮಗ, ಅಂದರೆ ನನ್ನ ಗಂಡ, ಗದರಿದ, ಬೇಡಿಕೊಂಡ. ನಾನೂ ಹೇಳಿ ಸಾಕಾದೆ. ದೇಶಪಾಂಡೆ ನಗರದ ನಮ್ಮ ಮನೆಯ ಹಾಲ್‌ನಲ್ಲಿ, ಕಿಟಕಿಯ ಪಕ್ಕ ಅವರ ಮಂಚ ಹಾಕಿದೆವು. ವಾಕರ್ ಗೋಡೆಗೆ ಆನಿಕೊಂಡೇ ನಿಂತಿತ್ತು. ಒಂದು ದಿನ ನೋಡಿದರೆ ಅದರ ಮೇಲೆ ಅವರ ಟವೆಲು ಒಣಗುತ್ತಿತ್ತು.

ಆ ದಿನಗಳಲ್ಲೇ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಬಂದು ಶಿಕ್ಷಕರಿಗೆಲ್ಲ ಒಂದೊಂದು ಹೂಗುಚ್ಛ ಕೊಟ್ಟರು. ನನ್ನ ಪಾಲಿಗೆ ಬಂದದ್ದು ಕೆಂಪು, ಹಳದಿ ಜರ್ಬೆರಾ. ಮನೆಯಲ್ಲಿ ಹೂದಾನಿ ಇರಲಿಲ್ಲ. ಖಾಲಿಯಾಗಿದ್ದ ಗಾಜಿನ ಭರಣಿಯೊಂದರಲ್ಲಿ ಕಂಠದವರೆಗೆ ನೀರು ತುಂಬಿ, ಹೂಗಳನ್ನಿಟ್ಟು, ಊಟದ ಟೇಬಲ್ಲಿನ ಮೇಲೆ ಬಾಳೆಹಣ್ಣಿನ ಬುಟ್ಟಿಯ ಪಕ್ಕ ಇರಿಸಿದೆ.

"ನನ್ನ ಉಪ್ಪಿನಕಾಯಿ ಭರಣಿನ ಸಿಕ್ತೇನ ನಿನಗ?" ಮಂಚದಿಂದ ದನಿ ಬಂತು. "ನೀರಾಗ ಇಟ್ಟ ಹೂ ದೇವರಿಗೆ ಏರಸಾಕ ಬರಂಗಿಲ್ಲ."

"ಇದು ದೇವರಿಗಲ್ಲರಿ ಅತ್ಯಾರ. ಸುಮ್ನ ನೋಡಾಕ."

"ನೋಡಾಕ? ಹೂ ಏನ್ ಟಿವಿ ಏನ?"

ಇಪ್ಪತ್ತೆರಡು ವರ್ಷ ಒಂದೇ ಸೂರಿನ ಕೆಳಗೆ ಇದ್ದರೂ ನಮ್ಮಿಬ್ಬರ ಮಾತು ಹಾಲು, ಗ್ಯಾಸು, ಕೆಲಸದವಳು ಇಷ್ಟರಲ್ಲೇ ಮುಗಿಯುತ್ತಿತ್ತು. ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಹಾಗಾಗಿ ನಾನು ಒಳಗೆ ಹೋದೆ.

ಎರಡೇ ದಿನದಲ್ಲಿ ಜರ್ಬೆರಾಗಳು ತಲೆ ತಗ್ಗಿಸಿದವು. ನೀರು ಕದಡಿ ವಾಸನೆ ಹಿಡಿಯಿತು. ಬಿಸಾಡಲು ಭರಣಿ ಎತ್ತಿಕೊಂಡೆ.

"ಒಗೀಬ್ಯಾಡ" ಎಂದರು ಅತ್ತೆ. "ಆ ಹಳದಿ ಹೂ ನಿನ್ನಿ ಮಧ್ಯಾಹ್ನದಿಂದ ಬಗ್ಗಾಕತ್ತೇತಿ. ಕೆಂಪಿನ ದಂಟು ಇನ್ನೂ ಗಟ್ಟಿ ಐತಿ. ಏನರ ಮಾಡಾಕ ಬರ್ತೈತೇನು ಹೂವಿನ ಅಂಗಡ್ಯಾಗ ಕೇಳ."

ಅವರು ದಿನವಿಡೀ ಅದನ್ನೇ ನೋಡುತ್ತಿದ್ದರೆಂದು ನನಗೆ ತಿಳಿದದ್ದು ಆಗ. ಟಿವಿ ಎಂದು ಹಂಗಿಸಿದವರು ಅವರೇ.

ಶಾಲೆ ಬಿಟ್ಟ ಮೇಲೆ ದುರ್ಗದಬೈಲ್ ಮಾರುಕಟ್ಟೆಗೆ ಹೋದೆ. ಅತ್ತೆ ವರ್ಷಗಟ್ಟಲೆ ಪೂಜೆಯ ಹೂ ಕೊಳ್ಳುತ್ತಿದ್ದ ಮುಸಲ್ಮಾನ ಮುದುಕರೊಬ್ಬರ ಅಂಗಡಿ ಅಲ್ಲಿದೆ. ನನ್ನನ್ನು ಕಂಡೊಡನೆ ಅವರು ಕೇಳಿದ್ದು, "ಅಮ್ಮಾರು ಹೆಂಗದಾರ್ರಿ? ಅವರ ಬೈಗಳ ಇಲ್ಲದ ನನಗ ವ್ಯಾಪಾರನ ಮಾಡಿದಂಗ ಆಗವಲ್ದು."

ನಾನು ಭರಣಿಯ ಕಥೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಅಷ್ಟ ನೀರು ಯಾಕ ಹಾಕಿದ್ರಿ ಅಕ್ಕಾರ? ಜರ್ಬೆರಾಕ್ಕ ನಾಕ ಬೆರಳ ನೀರ ಸಾಕು, ಇಲ್ಲಂದ್ರ ದಂಟು ಕೊಳಿತೈತಿ. ದಿನಾ ನೀರ ಬದಲಿ ಮಾಡ್ರಿ, ಭರಣಿ ತಿಕ್ಕಿ ತೊಳೀರಿ. ದಂಟಿನ ತುದಿ ದಿನಾ ಒಂದೀಟು ಓರೆ ಕತ್ತರಸ್ರಿ. ಕುತ್ತಿಗಿ ಬಗ್ಗಿದ್ರ ಪೇಪರ್‌ನ್ಯಾಗ ಸುತ್ತಿ ಎರಡ ತಾಸು ನೆಟ್ಟಗ ನೀರಾಗ ನಿಂದರಸ್ರಿ. ಮತ್ತ ಹಣ್ಣಿನ ಬಾಜೂಕ ಇಡಬ್ಯಾಡ್ರಿ, ಹೂ ಲಗೂ ಬಾಡತಾವ."

ಹಣ್ಣಾಗುವ ಬಾಳೆಯಿಂದ ಹೊರಡುವ ಅನಿಲದ ಬಗ್ಗೆ ನಾನೇ ಮಕ್ಕಳಿಗೆ ಪಾಠ ಮಾಡಿದ್ದೇನೆ. ನಮ್ಮ ಊಟದ ಟೇಬಲ್ಲಿಗೂ ಅದಕ್ಕೂ ಸಂಬಂಧವಿದೆಯೆಂದು ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಅವರು ಹೊಸ ಜರ್ಬೆರಾಗಳ ಜೊತೆ ಎರಡು ಕಡ್ಡಿ ಸುಗಂಧರಾಜವನ್ನೂ ಇಟ್ಟು, "ಕೆಳಗಿನ ಬಾಡಿದ ಹೂ ತಗದರ ಮ್ಯಾಲಿನ ಮೊಗ್ಗಿ ಅರಳತಾವ ಅಂತ ಅಮ್ಮಾರಿಗೆ ಹೇಳ್ರಿ" ಎಂದರು.

ಹಳೆಯ ಹೂಗಳನ್ನು ಪೇಪರಿನಲ್ಲಿ ಸುತ್ತಿ ನಿಲ್ಲಿಸಿದೆ. ಕೆಂಪಿನವು ಅರ್ಧದಷ್ಟು ತಲೆ ಎತ್ತಿದವು. ಹಳದಿಯವು ಏಳಲಿಲ್ಲ. ಭರಣಿಯನ್ನು ಹಣ್ಣಿನ ಬುಟ್ಟಿಯ ಬಳಿಯಿಂದ ತೆಗೆದು ಅತ್ತೆಯ ಮಂಚದ ಪಕ್ಕ ಇಟ್ಟೆ. ಮರುದಿನದಿಂದ ಶಾಲೆಗೆ ಹೊರಡುವ ಮುಂಚೆ ಅಲ್ಲೇ ಸ್ಟೂಲು ಹಾಕಿಕೊಂಡು ದಂಟು ಕತ್ತರಿಸತೊಡಗಿದೆ. ಮೂರನೆಯ ದಿನ ಅವರು ಕತ್ತರಿಯನ್ನು ನನ್ನ ಕೈಯಿಂದ ಇಸಿದುಕೊಂಡರು. "ಬೆಂಡಿಕಾಯಿ ಹೆಚ್ಚಿದಂಗ ಹೆಚ್ಚತಿ. ಓರೆ ಅಂದ್ರ ಹಿಂಗ." ಕತ್ತರಿಸುತ್ತಲೇ ಅವರು ಮಾತಿಗೆ ಶುರುಮಾಡಿದರು. ಶಾಲೆಗೆ ಹೋಗುವಾಗ ಮುಡಿದಿದ್ದ ಡೇರೆ ಹೂವನ್ನು ಗೆಳತಿ ಕದ್ದದ್ದು, ಮದುವೆಯ ದಿನ ಮೊಗ್ಗಿನ ಜಡೆಯ ಭಾರಕ್ಕೆ ತಲೆನೋವು ಬಂದು ಅತ್ತದ್ದು. ಇಷ್ಟು ವರ್ಷ ಇದನ್ನೆಲ್ಲ ಅವರು ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ.

ಒಂದು ಬೆಳಗ್ಗೆ ಪರೀಕ್ಷೆಯ ಕೆಲಸವಿತ್ತು. ಅವಸರದಲ್ಲಿ ನೀರು ಬದಲಿಸುವುದನ್ನು ಮರೆತು ಹೋದೆ. ಮಧ್ಯಾಹ್ನ ಬಂದು ಬಾಗಿಲು ತೆಗೆದರೆ ಮಂಚ ಖಾಲಿ. ಹಾಲ್‌ನಿಂದ ಅಡುಗೆಮನೆಯವರೆಗೆ ನೆಲದ ಮೇಲೆ ನೀರು ಚೆಲ್ಲಿತ್ತು. ಬಿದ್ದುಬಿಟ್ಟಿದ್ದಾರೆ ಎಂದೇ ಅಂದುಕೊಂಡೆ. ನೀರಿನ ಜಾಡು ಹಿಡಿದು ಓಡಿದೆ.

ಅತ್ತೆ ಅಡುಗೆಮನೆಯಲ್ಲಿ, ಒಂದು ಕೈಯಲ್ಲಿ ವಾಕರ್, ಇನ್ನೊಂದು ಕೈಯಲ್ಲಿ ನಲ್ಲಿ ಹಿಡಿದು ನಿಂತಿದ್ದರು. ಭರಣಿ ಸಿಂಕಿನಲ್ಲಿತ್ತು. ಅದನ್ನು ಕೊರಳಲ್ಲಿ ಜೋತುಹಾಕಿದ ಕೈಚೀಲದಲ್ಲಿಟ್ಟುಕೊಂಡು ಬಂದಿದ್ದರು.

"ಕುರ್ಚಿ ತಾ" ಎಂದರು. "ಬರೂದು ಬಂದೆ. ಹೊಳ್ಳಿ ಹೋಗಾಕ ಅಂಜಿಕಿ ಆಗೇತಿ."

ಕುರ್ಚಿ ತಂದು ಕೂರಿಸಿದೆ. ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. "ಬಿದ್ದಿದ್ರ ಏನ್ ಮಾಡೂದಿತ್ತರಿ ಅತ್ಯಾರ? ಒಂದ ಹೂವಿನ ಸಲುವಾಗಿ..."

"ನೀರು ನಾರಾಕತ್ತಿತ್ತು. ನೀ ಬರೂತನ ಹೆಂಗ ಕಾಯೂದು?" ನನ್ನ ಕೈ ಹಿಡಿದರು. "ಖರೇ ಹೇಳ್ತೇನಿ, ಅರ್ಧಾ ಬಂದ ಮ್ಯಾಲೆ ನೆನಪಾತು, ನಾ ನಡಿಯಾಕತ್ತೇನಿ ಅಂತ."

ಡಾಕ್ಟರು, ಮಗ, ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ನಾವೆಲ್ಲ ನಡೆಯಿರಿ ಎಂದೆವೇ ಹೊರತು ಎಲ್ಲಿಗೆ ಎಂದು ಹೇಳಿರಲಿಲ್ಲ. ಹಾಸಿಗೆ ಹಿಡಿದವರ ಕೆಲಸಗಳನ್ನೆಲ್ಲ ನಾವೇ ಮಾಡುತ್ತ ಅವರಿಗೆ ಏಳಲು ಕಾರಣವನ್ನೇ ಉಳಿಸಿರಲಿಲ್ಲವೇನೋ. ಅಂದಿನಿಂದ ನಾನು ಭರಣಿಯನ್ನು ಮುಟ್ಟಲಿಲ್ಲ. ನೆರವಿಗೆ ಹೋಗದೆ ಇರುವುದು ನನಗೆ ಕಷ್ಟವಾಗುತ್ತಿತ್ತು. ನಿಧಾನವಾಗಿ ಅವರು ಹೋಗಿ ಬರುವುದನ್ನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ.

ಈಗ ಅವರು ಕೋಲೂರಿಕೊಂಡು ನಡೆಯುತ್ತಾರೆ. ಹೋದ ತಿಂಗಳು ಆಟೋದಲ್ಲಿ ದುರ್ಗದಬೈಲ್‌ಗೆ ಕರೆದೊಯ್ದೆ. ಹೂವಿನ ಮುದುಕರು ತಮ್ಮ ಸ್ಟೂಲು ಬಿಟ್ಟುಕೊಟ್ಟರು. ಅತ್ತೆ ಕೂತುಕೊಂಡೇ ಎಲ್ಲ ಬುಟ್ಟಿಗಳನ್ನೂ ತೆಗೆಸಿ, ಮನಸಾರೆ ಬೈದು, ದೇವರಿಗೆ ಮಲ್ಲಿಗೆಯನ್ನು ಬೇರೆ, ಭರಣಿಗೆ ಜರ್ಬೆರಾವನ್ನು ಬೇರೆ ಕಟ್ಟಿಸಿಕೊಂಡರು. ಕಾಯಿದೆ ಬದಲಾಗಿಲ್ಲ, ಇನ್ನೊಂದು ಕಲಮು ಸೇರಿದೆ ಅಷ್ಟೇ. ಮರಳುವಾಗ ಹೂಗಳನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು, ಪ್ರತಿ ಗುಂಡಿಗೂ ಆಟೋದವನಿಗೆ ಹೇಳುತ್ತಿದ್ದರು: "ಸಾವಕಾಶ ಹೊಡಿಯೋ ತಮ್ಮಾ, ಕುತ್ತಿಗಿ ಮುರದಾವು."