ಹಿಂದಿನ ಮೈಕಿನ ಇಬ್ಬರು

ಜ್ಯೇಷ್ಠಮಧುವಿನ ಬೇರಿಗೆ ಒಂದು ಮಂಕಾದ ಸಿಹಿ ವಾಸನೆಯಿದೆ. ಗ್ರಂಥಿಗೆ ಅಂಗಡಿಯ ಮುಂದೆ ಹಾದುಹೋಗುವಾಗ ಅದು ಮೂಗಿಗೆ ತಾಗಿದರೆ ಈಗಲೂ ನನ್ನ ಕಾಲು ನಿಧಾನವಾಗುತ್ತದೆ. ಭವಾನಿಪುರಂನ ನಮ್ಮ ಬಾಡಿಗೆ ಮನೆಯಲ್ಲಿ ಸಂಜೆಯಾದರೆ ಇದೇ ವಾಸನೆ. ಅಪ್ಪನ ತಂಗಿ ವತ್ಸಲಾ ಅತ್ಯಾ ಕಾರ್ಯಕ್ರಮಕ್ಕೆ ಹೊರಡುವ ಮುನ್ನ ಗಂಟಲಿಗೆಂದು ಬೇರಿನ ಚೂರೊಂದನ್ನು ದವಡೆಗಿಟ್ಟುಕೊಂಡು, ಕನ್ನಡಿಯ ಮುಂದೆ ನಿಂತು, ತುಟಿ ಮುಚ್ಚಿಯೇ ಗುನುಗುತ್ತಿದ್ದಳು. ಅಪ್ಪ ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ವಿಜಯವಾಡಕ್ಕೆ ಬಂದವನು. ಅತ್ಯಾಳ ಮದುವೆಯ ಮಾತುಕತೆಗಳು ಒಂದೊಂದಾಗಿ ಮುರಿದುಬಿದ್ದಿದ್ದರಿಂದ ಅವಳೂ ನಮ್ಮ ಜೊತೆಗೇ ಬಂದಿದ್ದಳು.

ಅವಳನ್ನು ಆರ್ಕೆಸ್ಟ್ರಾಕ್ಕೆ ಕರೆದೊಯ್ದವಳು ಪಕ್ಕದ ಮನೆಯ ರಾಜ್ಯಂ. ಮದುವೆಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಸಿನಿಮಾ ಹಾಡು ಹಾಡುವ ತಂಡ ಅದು. ಮುಂದೆ ಬೆಳಕಿನಲ್ಲಿ ಜರಿ ಸೀರೆಯ ಗಾಯಕಿ. ಹಿಂದೆ, ತಬಲಾದವನ ಬದಿಗೆ, ಒಂದೇ ಮೈಕಿಗೆ ಮುಖವೊಡ್ಡಿ ಇವರಿಬ್ಬರು. ರಾಜ್ಯಂದು ಮೇಲಿನ ದನಿ, ಅತ್ಯಾಳದು ಕೆಳಗಿನದು. ಚರಣದಿಂದ ಚರಣಕ್ಕೆ ಹೋಗುವ ನಡುವೆ ‘ಆ...’ ಎಂದು ಆ ಎರಡು ದನಿಗಳು ಎದ್ದು ಬಂದರೆ, ಯಾರದು ಯಾವುದೆಂದು ಮನೆಯವರಾದ ನಮಗೂ ತಿಳಿಯುತ್ತಿರಲಿಲ್ಲ. ತೆಲುಗು ಬಾರದೆ ಹೇಗೆ ಹಾಡ್ತೀ ಎಂದು ಅವ್ವ ಕೇಳಿದರೆ ಅತ್ಯಾ ನಗುತ್ತಿದ್ದಳು: “ಆ ಅನ್ನಾಕ ಯಾವ ಭಾಷಾ ಬೇಕು, ವೈನಿ?” ರಾಜ್ಯಂ ತೆಲುಗಿನಲ್ಲಿ, ಇವಳು ಕನ್ನಡದಲ್ಲಿ, ಅವರ ಮಾತೂ ಹಾಗೆಯೇ ಸಾಗುತ್ತಿತ್ತು. ಅಪ್ಪ ಮಾತ್ರ ಒಂದು ಕಾರ್ಯಕ್ರಮಕ್ಕೂ ಹೋಗಲಿಲ್ಲ. ತಂಗಿ ಸ್ಟೇಜಿನ ಮೇಲೆ ನಿಲ್ಲುವುದು ಅವನಿಗೆ ಸರಿಬರುತ್ತಿರಲಿಲ್ಲ. ಬೇಡವೆನ್ನುವಷ್ಟು ಕಠಿಣನೂ ಅಲ್ಲ.

ಆಮೇಲೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಣ್ಣನ ಸಂಸಾರ ಬಿಟ್ಟು ಅತ್ಯಾ ಒಬ್ಬಳೇ ಎಲ್ಲಿ ಉಳಿಯಬೇಕು? ಬಂದಳು. ಅಲ್ಲಿನ ದ್ವಾರಕಾ ನಗರದಲ್ಲಿ ಒಂದು ಆರ್ಕೆಸ್ಟ್ರಾ ಇದೆಯೆಂದು ಕೇಳಿ ಒಂದು ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿದ್ದವನು ಒಳ್ಳೆಯವನೇ, ಕೂರಿಸಿ, ಟೀ ತರಿಸಿಕೊಟ್ಟ. ಆಮೇಲೆ ಹೊಸದಾಗಿ ತಂದಿದ್ದ ಕೀಬೋರ್ಡಿನ ಗುಂಡಿಯೊಂದನ್ನು ಒತ್ತಿ ಕೀಗಳ ಮೇಲೆ ಬೆರಳಿಟ್ಟ. ಹತ್ತಾರು ಹೆಂಗಸರು ಒಟ್ಟಿಗೆ ‘ಆ...’ ಎಂದಂತಾಯಿತು. “ಕೋರಸ್ ಅಂತಾ ಇಂದುಲೋನೇ ಉಂದಮ್ಮಾ,” ಎಂದ, ಎಲ್ಲವೂ ಇದರೊಳಗೇ ಇದೆಯೆಂದು. ಅತ್ಯಾ ಟೀ ಪೂರ್ತಿ ಕುಡಿದು, ನಮಸ್ಕಾರ ಮಾಡಿ ಹೊರಬಂದಳು. ಅವ್ವ ಏನಾಯಿತೆಂದು ಕೇಳಿದ್ದಕ್ಕೆ, “ಹಾಡೋರು ಪೆಟ್ಟಿಗಿಯೊಳಗ ಬಂದಾರ, ವೈನಿ,” ಎಂದು ಹೇಳಿ ಸೊಪ್ಪು ಬಿಡಿಸಲು ಕೂತಳು.

ಕೆಲವು ವರ್ಷಗಳ ನಂತರ ರಾಜ್ಯಂ ನಮ್ಮ ಮನೆಗೆ ಬಂದಳು. ಗಂಟಲಲ್ಲಿ ಗಡ್ಡೆ, ವಿಶಾಖಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್. ದನಿ ಉಳಿಯುವ ಭರವಸೆ ಇಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ಆಸ್ಪತ್ರೆಗೆ ಸೇರುವ ಹಿಂದಿನ ದಿನದ ಮಧ್ಯಾಹ್ನ ಇಬ್ಬರೂ ಪಡಸಾಲೆಯ ಚಾಪೆಯ ಮೇಲೆ ಕುಳಿತು, ಗೊತ್ತಿದ್ದ ಹಾಡುಗಳ ‘ಆ...’ ಎಂಬ ಹಿಂದನಿಗಳನ್ನೆಲ್ಲ ಒಂದಾದ ಮೇಲೊಂದು ಹಾಡಿದರು. ಮುಂದಿನ ಗಾಯಕಿ ಇಲ್ಲ, ಮಾತಿಲ್ಲ, ಪಲ್ಲವಿಯಿಲ್ಲ. ರಾಜ್ಯಂಳ ದನಿ ಅಲ್ಲಲ್ಲಿ ಒಡೆಯುತ್ತಿತ್ತು; ಒಡೆದಲ್ಲಿ ಅತ್ಯಾ ತನ್ನದನ್ನು ಇನ್ನಷ್ಟು ತಗ್ಗಿಸಿ ಕಾಯುತ್ತಿದ್ದಳು. ಆ ಹೊತ್ತಿಗೆ ಬ್ಯಾಂಕಿನಿಂದ ಬಂದ ಅಪ್ಪ ಬೂಟು ಬಿಚ್ಚದೆ ಹೊಸ್ತಿಲಲ್ಲೇ ನಿಂತುಬಿಟ್ಟ. ಹಾಡು ನಿಂತ ಮೇಲೆ ಮೆಲ್ಲಗೆ, “ಇಷ್ಟು ವರ್ಷ ನಾ ಕೇಳೇ ಇಲ್ಲಲ್ಲ, ವತ್ಸೂ,” ಎಂದ. ಅತ್ಯಾ ಅವನಿಗೆ ಚಹಾ ತರಲು ಎದ್ದಳು.

ಗಡ್ಡೆ ಹೋಯಿತು, ಜೊತೆಗೆ ದನಿಯೂ. ಉಸಿರಿನಂಥ ಪಿಸುಮಾತು ಮಾತ್ರ ಉಳಿಯಿತು. ಊರಿಗೆ ಹೊರಡುವ ದಿನ ರಾಜ್ಯಂ ಆ ಪಿಸುಮಾತಿನಲ್ಲೇ, “ನುವ್ವು ಪಾಡು, ವತ್ಸಲಾ,” ಎಂದಳು. ನೀನಾದರೂ ಹಾಡು. “ಒಬ್ಬಾಕಿನ ಹೆಂಗ ಹಾಡಲಿ? ನಂಗ ಕೆಳಗಿನದಷ್ಟ ಬರ್ತದ,” ಎಂದು ಹೇಳಿದರೂ, ಅತ್ಯಾ ಕೆಳಗಿನದನ್ನೇ ಹಾಡಿದಳು. ರಾಜ್ಯಂ ದನಿಯಿಲ್ಲದೆ ತುಟಿಯಾಡಿಸಿದಳು.

ಮನೆಗೆ ಫೋನ್ ಬಂದ ಮೇಲೆ ರಾಜ್ಯಂ ಆಗಾಗ ಫೋನ್ ಮಾಡುತ್ತಿದ್ದಳು. ಪಿಸುಮಾತು ತಂತಿಯಲ್ಲಿ ಕೇಳಿಸುತ್ತಿರಲಿಲ್ಲ. ಎತ್ತಿದಾಗ ಆ ಕಡೆ ಮೌನವಿದ್ದರೆ ನಾವು ಅತ್ಯಾಳನ್ನು ಕರೆಯುತ್ತಿದ್ದೆವು. ಅವಳು ಮನೆಯ ಸುದ್ದಿಯೆಲ್ಲ ಹೇಳಿ, ಕೊನೆಗೆ ಒಂದಿಷ್ಟು ಗುನುಗಿ ಇಡುತ್ತಿದ್ದಳು. ಒಂದು ದಿನ ಆ ಕಡೆಯಿಂದ ಮಾತು ಬಂತು. ರಾಜ್ಯಂಳ ಮಗ, ತಾಯಿ ಹೋದಳೆಂದು ಹೇಳಲು. ಅತ್ಯಾ “ಸರಿ ನಾಯನಾ” ಎಂದು ಫೋನಿಟ್ಟಳು.

ಆಮೇಲೆ ವಿಶಾಖಪಟ್ಟಣದ ಹೊರಗಿನ ಪೆಂಡುರ್ತಿಯಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲಿ ಅವಳು ಎಷ್ಟೋ ವರ್ಷ ಬದುಕಿದಳು. ಹಾಡಲಿಲ್ಲ. ಈಗ ಅವಳಿಲ್ಲ, ಅಪ್ಪ ಅವ್ವ ಇಲ್ಲ, ಮನೆ ಬೇರೆಯವರದು. ನಾನೂ ತಮ್ಮನೂ ಮಾತಾಡುವುದು ತೆಲುಗಿನಲ್ಲೇ. ನಿಮ್ಮ ಮನೆಯಲ್ಲೂ ಹೀಗೆ ಹಿಂದೆ ನಿಂತವರೊಬ್ಬರು ಇದ್ದಿರಬಹುದು. ನನಗೆ ಕಾಣುವುದು ಟೀವಿಯ ಮುಂದೆ ಕೂತ ಅತ್ಯಾ: ಏನೋ ಹೇಳುತ್ತಿರುತ್ತಾಳೆ, ಹಳೆಯ ಹಾಡೊಂದರಲ್ಲಿ ಹಿಂದನಿ ಬರುವ ಜಾಗ ಬರುತ್ತದೆ, ಮಾತು ಅರ್ಧಕ್ಕೆ ನಿಲ್ಲಿಸುತ್ತಾಳೆ. ಆ ಹೆಂಗಸರು ಹಾಡಿ ಮುಗಿಸಲೆಂದು ಕಾಯುತ್ತಾಳೆ. ಮುಗಿದ ಮೇಲೆ, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಾಳೆ.